ಟೆಕ್ನಿಕಲ್ ಪೇಪರ್ ಓದಿ ಆಡಿಯೋ ಮಾಡೋದು ಹೇಗೆ? ಮೊದಲು ಕೇಳೋರನ್ನ ಕೇಳಿ

ಪಕ್ಕದಲ್ಲಿ ಯಾರಾದ್ರೂ ಇದ್ರೆ ಈಗಲೇ ಒಂದು ಸಣ್ಣ ಲೆಕ್ಕ ಕೊಟ್ಟು ನೋಡಿ. ಎ ಅಂದ್ರೆ 6, ಬಿ ಅಂದ್ರೆ 4, ಸಿ ಅಂದ್ರೆ 2 ಅಂತ ಹೇಳಿ, ಆಮೇಲೆ "ಎ ಪ್ಲಸ್ ಬಿ ಬೈ ಸಿ ಎಷ್ಟು?" ಅಂತ ಬಾಯಲ್ಲೇ ಕೇಳಿ, ಬರೆದು ತೋರಿಸ್ಬೇಡಿ. ಕೆಲವರು 5 ಅಂತಾರೆ, ಕೆಲವರು 8 ಅಂತಾರೆ. ಇಬ್ಬರದ್ದೂ ತಪ್ಪಲ್ಲ, ಒಬ್ರು ಎ ಮತ್ತು ಬಿ ಎರಡನ್ನೂ ಕೂಡಿ ಭಾಗಿಸಿದ್ರು, ಇನ್ನೊಬ್ರು ಬಿ ಮಾತ್ರ ಭಾಗಿಸಿದ್ರು, ತಪ್ಪು ಇರೋದು ಹೇಳಿದ ರೀತೀಲಿ. ಕಾಗದದ ಮೇಲೆ ಭಾಗಾಕಾರದ ಅಡ್ಡಗೆರೆ ಎಷ್ಟು ಉದ್ದ ಇದೆ ಅಂತ ಕಣ್ಣು ನೋಡಿಬಿಡತ್ತೆ, ಕಿವಿಗೆ ಆ ಗೆರೆ ಕಾಣಲ್ಲ.

ಮುದ್ರಿತ ಅಕ್ಷರ ಓದಲಾಗದೋರಿಗಾಗಿ ಟೆಕ್ನಿಕಲ್ ಪೇಪರನ್ನ, ಅಂದ್ರೆ ಸಂಶೋಧನಾ ಲೇಖನವನ್ನ, ಆಡಿಯೋ ಮಾಡೋ ವಾಲಂಟಿಯರ್ ಕೆಲಸ ಅಂದ್ರೆ ಬಹುಪಾಲು ಇದೇ, ಆ ಗೆರೆಯನ್ನ ಮಾತಲ್ಲಿ ಹೇಳೋದು. ಒಳ್ಳೆ ಕಂಠ ಇರ್ಬೇಕು, ರೇಡಿಯೋದವ್ರ ಥರ ಓದ್ಬೇಕು ಅಂತೆಲ್ಲ ಅಂದ್ಕೊಂಡು ಹಿಂಜರಿಯೋರು ತುಂಬಾ ಜನ, ಅದು ಬೇಕಾಗಿಲ್ಲ. ಬರೀ ಪ್ಯಾರಾಗಳನ್ನ ಓದೋದಾದ್ರೆ ಸ್ಕ್ರೀನ್ ರೀಡರ್ (ಪರದೆ ಮೇಲಿರೋ ಅಕ್ಷರಗಳನ್ನ ಓದಿ ಹೇಳೋ ಸಾಫ್ಟ್‌ವೇರ್) ನಿಮಗಿಂತ ಮೂರು ಪಟ್ಟು ಸ್ಪೀಡಲ್ಲಿ ಓದತ್ತೆ. ಅದು ಸೋಲೋದು ಎಲ್ಲಿ ಅಂದ್ರೆ ಪಿಡಿಎಫ್‌ನ ಎರಡು ಕಾಲಂ ಕಲಸಿ ಹೋದಾಗ, ಸಮೀಕರಣ ಬರೀ ಚಿತ್ರವಾಗಿ ಕೂತಿದ್ದಾಗ, ಗ್ರಾಫಿಗೆ ವಿವರಣೇನೇ ಇಲ್ದಿದ್ದಾಗ, ಟೇಬಲ್‌ನ ಅಂಕಿಗಳು ಯಾವ ಹೆಡಿಂಗಿಗೆ ಸೇರಿದ್ವು ಅಂತ ಗೊತ್ತಾಗದೇ ಇದ್ದಾಗ. ನಾವು ಬೇಕಾಗೋದು ಅಲ್ಲಿ.

ಮೊದಲ ಹೆಜ್ಜೆ: ಕೇಳೋರನ್ನ ಕೇಳಿ

ಕನ್ನಡದಲ್ಲಿ ಕೇಳೋದು ಅನ್ನೋ ಮಾತಿಗೆ ಎರಡು ಅರ್ಥ ಇದೆಯಲ್ಲ, ಈ ಕೆಲಸಕ್ಕೆ ಎರಡೂ ಬೇಕು. ಆಡಿಯೋ ಕೇಳೋರು ಯಾರೋ ಅವರನ್ನ ಮೊದಲು ಕೇಳಿ ತಿಳ್ಕೊಳ್ಳಿ. ಅಮೆರಿಕದಲ್ಲಿ 1948ರಲ್ಲಿ ರೆಕಾರ್ಡಿಂಗ್ ಫಾರ್ ದ ಬ್ಲೈಂಡ್ ಅಂತ ಸಂಸ್ಥೆ ಹುಟ್ಟಿದ್ದೇ ಹಾಗೆ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳ್ಕೊಂಡ ಸೈನಿಕರಿಗೆ ಕಾಲೇಜು ಓದ್ಬೇಕಿತ್ತು, ಪಠ್ಯಪುಸ್ತಕ ಓದೋಕೆ ದಾರಿ ಇರಲಿಲ್ಲ, ಅವರು ಸಹಾಯ ಕೇಳಿ ಬರೆದ ಕಾಗದಗಳನ್ನ ನೋಡಿ ಆನ್ ಮ್ಯಾಕ್‌ಡೊನಾಲ್ಡ್ ಅನ್ನೋರು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರೀಲಿ ವಾಲಂಟಿಯರ್‌ಗಳನ್ನ ಕೂರಿಸಿ ಡಿಸ್ಕ್‌ಗಳಿಗೆ ಓದಿಸಿದ್ರು. ಮೊದಲು ಬಂದಿದ್ದು ಓದೋರ ಉತ್ಸಾಹ ಅಲ್ಲ, ಕೇಳೋರ ಅಗತ್ಯ.

ಏನೇನು ಕೇಳ್ಬೇಕು? ಪೂರ್ತಿ ಪೇಪರ್ ಬೇಕಾ ಅಥವಾ ಮೆಥಡ್ಸ್ ಮತ್ತು ರಿಸಲ್ಟ್ಸ್ ಸಾಕಾ. ಯಾವತ್ತಿಗೆ ಬೇಕು, ಯಾಕಂದ್ರೆ ಸೆಮಿನಾರ್ ಮುಗಿದ ಮೇಲೆ ಸಿಗೋ ಪರ್ಫೆಕ್ಟ್ ಆಡಿಯೋಗಿಂತ ಮುಂಚಿನ ದಿನ ಸಿಗೋ ಸಾಧಾರಣ ಆಡಿಯೋನೇ ಅವರಿಗೆ ಉಪಯೋಗ. ಯಾವ ಆ್ಯಪಲ್ಲಿ ಕೇಳ್ತಾರೆ, ಎಷ್ಟು ಸ್ಪೀಡಲ್ಲಿ ಕೇಳ್ತಾರೆ. ಹುಟ್ಟಿನಿಂದ ಕಣ್ಣು ಕಾಣದೋರಾ ಅಥವಾ ಈಚೆಗೆ ದೃಷ್ಟಿ ಹೋಗಿದ್ದಾ ಅಂತ ನೇರವಾಗಿ ಕೇಳೋದು ಮುಜುಗರ, ಅದರ ಬದಲು "ಸಮೀಕರಣದ ಆಕಾರ ಹೇಳ್ಲಾ, ಬಣ್ಣ ಹೇಳ್ಲಾ, ಗ್ರೀಕ್ ಅಕ್ಷರ ಹೇಗೆ ಹೇಳಿದ್ರೆ ಅನುಕೂಲ" ಅಂತ ಕೇಳಿದ್ರೆ ಬೇಕಾದ್ದು ತಾನಾಗೇ ಗೊತ್ತಾಗತ್ತೆ. ಇನ್ನೊಂದು ಮುಖ್ಯ ವಿಷಯ, ಗಣಿತದಲ್ಲಿ ಕೆಲಸ ಮಾಡೋ ಅಂಧರಲ್ಲಿ ಎಷ್ಟೋ ಜನ ಲೇಟೆಕ್ ಸೋರ್ಸನ್ನೇ (ಸಮೀಕರಣಗಳನ್ನ ಬರೀ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟಿರೋ ಮೂಲ ಫೈಲನ್ನ) ನೇರವಾಗಿ ಓದ್ಕೋತಾರೆ, ಅಂಥವರಿಗೆ ನೀವು ಹತ್ತು ಗಂಟೆ ಕೂತು ಸಮೀಕರಣ ಓದೋದಕ್ಕಿಂತ ಲೇಖಕರಿಂದ ಸೋರ್ಸ್ ಫೈಲ್ ತರಿಸಿಕೊಟ್ಟು ಚಿತ್ರಗಳ ವಿವರಣೆ ಮಾತ್ರ ರೆಕಾರ್ಡ್ ಮಾಡಿದ್ರೆ ಸಾಕು. ಕೇಳದೇ ಶುರು ಮಾಡಿದ್ರೆ ಇದು ಗೊತ್ತೇ ಆಗಲ್ಲ.

ಕೇಳೋರು ಅಂದ್ರೆ ಅಂಧರು ಮಾತ್ರ ಅಲ್ಲ. ಡಿಸ್ಲೆಕ್ಸಿಯಾ ಇರೋರು, ಕೈಯಲ್ಲಿ ಪುಸ್ತಕ ಹಿಡಿಯೋಕೆ, ಪುಟ ತಿರುಗಿಸೋಕೆ ಆಗದೋರು ಕೂಡ ಇರ್ತಾರೆ. ಡಿಸ್ಲೆಕ್ಸಿಯಾ ಇರೋರು ಪೇಪರನ್ನ ಕಣ್ಣ ಮುಂದೆ ಇಟ್ಕೊಂಡೇ ಕೇಳಬಹುದು, ಅವರಿಗೆ ಪುಟ ಸಂಖ್ಯೆ ಹೇಳ್ತಾ ಹೋಗೋದು ಬಹಳ ಮುಖ್ಯ.

ಎರಡನೇದು: ಅನುಮತಿ

ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ. ಪೇಪರಿನ ಮೊದಲ ಪುಟದಲ್ಲೋ ಕೊನೇಲೋ ಲೈಸೆನ್ಸ್ ಇರತ್ತೆ. ಕ್ರಿಯೇಟಿವ್ ಕಾಮನ್ಸ್ ಬೈ (CC BY) ಲೈಸೆನ್ಸ್ ಇದ್ರೆ ಲೇಖಕರ ಹೆಸರು, ಲೈಸೆನ್ಸ್, ನೀವೇನು ಬದಲಾಯಿಸಿದ್ರಿ ಅನ್ನೋದನ್ನ ಹೇಳಿ ಆರಾಮಾಗಿ ಹಂಚಬಹುದು. ಆರ್ಕೈವ್ (arXiv) ಅನ್ನೋ ಪ್ರಿಪ್ರಿಂಟ್ ಸೈಟಲ್ಲಿ, ಅಂದ್ರೆ ಜರ್ನಲ್‌ಲ್ಲಿ ಬರೋಕೆ ಮುಂಚೆನೇ ಲೇಖಕರು ಪೇಪರ್ ಹಾಕೋ ಕಡೆ, ಪೇಪರ್ ಫ್ರೀಯಾಗಿ ಸಿಗತ್ತೆ ಅಂತ ಅದನ್ನ ಯಾರು ಬೇಕಾದ್ರೂ ಹಂಚಬಹುದು ಅಂತಲ್ಲ, ಅಲ್ಲಿನ ತುಂಬಾ ಪೇಪರ್‌ಗಳಲ್ಲಿ ಲೇಖಕರು ಹಂಚೋ ಹಕ್ಕನ್ನ ಆ ಸೈಟಿಗೆ ಮಾತ್ರ ಕೊಟ್ಟಿರ್ತಾರೆ, ಒಂದೊಂದರದ್ದೂ ಲೈಸೆನ್ಸ್ ತೆಗೆದು ನೋಡ್ಬೇಕು.

ಲೈಸೆನ್ಸ್ ಅಡ್ಡ ಬಂದ್ರೆ ಮರಾಕೇಶ್ ಒಪ್ಪಂದ ಅಂತ ಒಂದಿದೆ. 2013ರ ಜೂನ್ 27ಕ್ಕೆ ಒಪ್ಪಿಗೆಯಾಗಿ 2016ರ ಸೆಪ್ಟೆಂಬರ್ 30ರಿಂದ ಜಾರಿಯಲ್ಲಿದೆ. ಇದಕ್ಕೆ ಸೇರಿದ ದೇಶಗಳಲ್ಲಿ ಮುದ್ರಿತ ಅಕ್ಷರ ಓದಲಾಗದೋರಿಗಾಗಿ ಅಧಿಕೃತ ಸಂಸ್ಥೆಗಳು ಹಕ್ಕುದಾರರ ಅನುಮತಿ ಇಲ್ದೇನೇ ಆಡಿಯೋ, ಬ್ರೈಲ್ ಪ್ರತಿ ಮಾಡಬಹುದು. ಆದ್ರೆ ಆ ಪ್ರತಿ ಅಂಥ ಓದುಗರಿಗೆ ಮಾತ್ರ, ಎಲ್ಲರಿಗೂ ಓಪನ್ನಾಗಿ ಹಾಕೋಕಲ್ಲ. ನಿಯಮದ ವಿವರ ದೇಶದಿಂದ ದೇಶಕ್ಕೆ ಬೇರೆ, ಅದಕ್ಕೆ ಅಂಥ ಒಂದು ಲೈಬ್ರರಿ ಅಥವಾ ಸಂಸ್ಥೆ ಜೊತೆ ಸೇರಿ ಮಾಡೋದು ಒಳ್ಳೇದು.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಸುಲಭದ ದಾರಿ ಲೇಖಕರಿಗೇ ಒಂದು ಮೇಲ್ ಹಾಕೋದು. "ನಿಮ್ಮ ಪೇಪರ್ ಕಣ್ಣಿಂದ ಓದಲಾಗದ ಒಬ್ಬ ವಿದ್ಯಾರ್ಥಿಗೆ ಬೇಕು, ಆಡಿಯೋ ಮಾಡ್ತಿದ್ದೀವಿ, ಲೇಟೆಕ್ ಸೋರ್ಸ್ ಮತ್ತು ಗ್ರಾಫಿನ ಡೇಟಾ ಕೊಡ್ತೀರಾ" ಅಂತ ನಾಲ್ಕು ಸಾಲು ಸಾಕು. ಹಕ್ಕು ಪ್ರಕಾಶಕರ ಹತ್ರ ಇದ್ರೆ ಅವರನ್ನೂ ಕೇಳ್ಬೇಕಾಗತ್ತೆ, ಆದ್ರೂ ಲೇಖಕರ ಉತ್ತರದಲ್ಲಿ ಚಿತ್ರಗಳ ಬಗ್ಗೆ ಪೇಪರಲ್ಲಿ ಇಲ್ದಿರೋ ಸ್ಪಷ್ಟನೆ ಕೂಡ ಸಿಗತ್ತೆ.

ಮೂರನೇದು: ಪೆನ್ಸಿಲ್ ಹಿಡ್ಕೊಂಡು ಒಂದು ಸಲ ಪೂರ್ತಿ ಓದಿ

ಮೈಕ್ ಆನ್ ಮಾಡೋಕೆ ಮುಂಚೆ. ನಿಮಿಷಕ್ಕೆ 150 ಪದದ ಲೆಕ್ಕದಲ್ಲಿ 8000 ಪದದ ಪೇಪರ್ ಓದೋಕೆ ಹೆಚ್ಚುಕಮ್ಮಿ 53 ನಿಮಿಷ, ಇದು ಬರೀ ಪದಗಳ ಲೆಕ್ಕ. ಸಮೀಕರಣ, ಚಿತ್ರ ಸೇರಿದ್ರೆ ಸಲೀಸಾಗಿ ಎರಡು ಗಂಟೆ ದಾಟತ್ತೆ, ತಯಾರಿಗೆ ಅದಕ್ಕಿಂತ ಜಾಸ್ತಿ ಸಮಯ ಇಟ್ಕೊಳ್ಳಿ. ವಿಷಯ ಗೊತ್ತಿರೋ ಪೇಪರನ್ನೇ ತಗೊಳ್ಳಿ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಕೆಮಿಸ್ಟ್ರಿ ಓದಿದೋರು ಕೆಮಿಸ್ಟ್ರಿ, ಪ್ರೋಗ್ರಾಮಿಂಗ್ ಗೊತ್ತಿರೋರು ಅಲ್ಗಾರಿದಮ್. ಅರ್ಥ ಆಗದೇ ಓದಿದ್ರೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಲ್ಲ, ಕೇಳೋರಿಗೆ ಅದು ಮೊದಲ ಪುಟದಲ್ಲೇ ಗೊತ್ತಾಗಿಬಿಡತ್ತೆ.

ಓದ್ತಾ ಒಂದು ಹಾಳೇಲಿ ಎರಡು ಪಟ್ಟಿ ಮಾಡ್ಕೊಳ್ಳಿ. ಒಂದು ಉಚ್ಚಾರಣೆ ಪಟ್ಟಿ: ಲೇಖಕರ ಹೆಸರು, ವಿಜ್ಞಾನಿಗಳ ಹೆಸರು, ಸಂಕ್ಷೇಪ ಪದಗಳು. ಇನ್ನೊಂದು ಚಿಹ್ನೆ ಪಟ್ಟಿ: ಪೇಪರಲ್ಲಿ ಬರೋ ಪ್ರತಿ ಚಿಹ್ನೆಗೂ ಒಂದೇ ಒಂದು ಹೆಸರು. ನ್ಯೂ ಅನ್ನೋ ಗ್ರೀಕ್ ಅಕ್ಷರ ನೋಡೋಕೆ ಇಂಗ್ಲಿಷಿನ ವಿ ಥರಾನೇ ಇರತ್ತೆ, ಒಮೆಗಾ ಡಬ್ಲ್ಯೂ ಥರ ಇರತ್ತೆ, ಅವಸರದಲ್ಲಿ ತಪ್ಪು ಓದಿದ್ರೆ ಇಡೀ ಡೆರಿವೇಶನ್ ಕೆಡತ್ತೆ. ದೊಡ್ಡ ಎನ್ ಬಂದ್ರೆ "ಕ್ಯಾಪಿಟಲ್ ಎನ್", ಬೋಲ್ಡ್ ಎಕ್ಸ್ ಬಂದ್ರೆ "ಬೋಲ್ಡ್ ಎಕ್ಸ್" ಅಂತಾನೇ ಹೇಳ್ಬೇಕು, ಯಾಕಂದ್ರೆ ಒಂದು ವೆಕ್ಟರ್ ಇನ್ನೊಂದು ಬರೀ ಸಂಖ್ಯೆ ಇರಬಹುದು. ಯೂನಿಟ್‌ಗಳನ್ನ ಪೂರ್ತಿ ಬಿಡಿಸಿ ಹೇಳಿ. ಮಿಲಿ ಅನ್ನೋದಕ್ಕೆ ಸಣ್ಣ ಎಂ, ಮೆಗಾ ಅನ್ನೋದಕ್ಕೆ ದೊಡ್ಡ ಎಂ, ಬರೀ ಎಂ ಅಂತ ಓದಿಬಿಟ್ರೆ ನೂರು ಕೋಟಿ ಪಟ್ಟು ವ್ಯತ್ಯಾಸ ಆಗತ್ತೆ. ಪೇಪರ್ ಇಂಗ್ಲಿಷಲ್ಲಿದ್ರೆ ನಿಮ್ಮ ವಿವರಣೆಗಳೂ ಇಂಗ್ಲಿಷಲ್ಲೇ ಇರ್ಲಿ, ಕೇಳೋರೇ ಬೇರೆ ಭಾಷೆ ಬೇಕು ಅಂದ್ರೆ ಮಾತು ಬೇರೆ. ಚಿಹ್ನೆ ಪಟ್ಟಿಯನ್ನ ಆಡಿಯೋದ ಶುರುವಲ್ಲೇ ಒಂದು ಪುಟ್ಟ ಫೈಲ್ ಮಾಡಿ ಹಾಕಿ.

ನಾಲ್ಕನೇದು: ಸಮೀಕರಣಗಳು, ಇಲ್ಲಿ ನಿಧಾನ ಬೇಕು

ಏಬ್ರಹಾಂ ನೆಮೆತ್ ಅನ್ನೋ ಗಣಿತದ ಪ್ರೊಫೆಸರ್ ಹುಟ್ಟಿನಿಂದ ಅಂಧರು. ಗಣಿತಕ್ಕೆ ಬ್ರೈಲ್ ಲಿಪಿ ಮಾಡಿದ್ದು ಅವರೇ, 1952ರಲ್ಲಿ ಅದು ಪ್ರಕಟ ಆಯ್ತು. ಕಣ್ಣು ಕಾಣೋರು ಅವರಿಗೆ ಗಣಿತ ಓದಿ ಹೇಳ್ಬೇಕಿತ್ತು, ಅವರೂ ಬೇರೆಯವರಿಗೆ ಹೇಳಿ ಬರೆಸ್ಬೇಕಿತ್ತು, ಆ ಅಗತ್ಯದಿಂದ ಓದೋದಕ್ಕೂ ಒಂದು ಕಟ್ಟುನಿಟ್ಟಿನ ಪದ್ಧತಿ ಮಾಡಿದ್ರು, ಅದು ಮ್ಯಾತ್‌ಸ್ಪೀಕ್ ಅಂತ ಉಳ್ಕೊಂಡಿದೆ. ಅದರ ತಿರುಳು ಸರಳ: ಏನು ತೆರೆದ್ರೂ ಅದನ್ನ ಮುಚ್ಚಬೇಕು. ಭಿನ್ನರಾಶಿ ಶುರುವಾದ್ರೆ "ಬಿಗಿನ್ ಫ್ರ್ಯಾಕ್ಷನ್", ಅಡ್ಡಗೆರೆಗೆ "ಓವರ್", ಮುಗಿದ್ರೆ "ಎಂಡ್ ಫ್ರ್ಯಾಕ್ಷನ್". ರೂಟ್‌ಗೂ ಹಾಗೇ, ಬ್ರ್ಯಾಕೆಟಿಗೂ ಹಾಗೇ.

ಶಾಲೇಲಿ ಎಲ್ಲರೂ ಕಲಿತ ವರ್ಗ ಸಮೀಕರಣದ ಸೂತ್ರವನ್ನೇ ತಗೊಳ್ಳಿ. ಹೀಗೆ ಓದಿ: "ಎಕ್ಸ್ ಈಕ್ವಲ್ಸ್, ಬಿಗಿನ್ ಫ್ರ್ಯಾಕ್ಷನ್, ಮೈನಸ್ ಬಿ, ಪ್ಲಸ್ ಆರ್ ಮೈನಸ್, ಬಿಗಿನ್ ರೂಟ್, ಬಿ ಸ್ಕ್ವೇರ್ಡ್ ಮೈನಸ್ ಫೋರ್ ಎ ಸಿ, ಎಂಡ್ ರೂಟ್, ಓವರ್, ಟೂ ಎ, ಎಂಡ್ ಫ್ರ್ಯಾಕ್ಷನ್." ಉದ್ದ ಅನ್ಸತ್ತೆ, ಆದ್ರೆ ಇದನ್ನ ಕೇಳಿ ಬರೆದ್ರೆ ಒಂದೇ ಒಂದು ಸೂತ್ರ ಬರತ್ತೆ, ಬೇರೆ ಥರ ಬರೆಯೋಕೆ ದಾರೀನೇ ಇಲ್ಲ. ಅದೇ ನಿಮ್ಮ ಪರೀಕ್ಷೆ ಕೂಡ. ಓದಿದ್ದನ್ನ ಯಾರಾದ್ರೂ ಕೇಳಿ ಬರೆದು ತೋರಿಸ್ಲಿ, ಮೂಲದಲ್ಲಿರೋದೇ ಬಂತಾ ನೋಡಿ.

ಸಬ್‌ಸ್ಕ್ರಿಪ್ಟಲ್ಲಿ, ಅಂದ್ರೆ ಅಕ್ಷರದ ಕೆಳಗೆ ಪಕ್ಕದಲ್ಲಿ ಸಣ್ಣದಾಗಿ ಬರೆಯೋದರಲ್ಲಿ, ಅಪಾಯ ಇನ್ನೂ ಜಾಸ್ತಿ. "ಎಕ್ಸ್ ಸಬ್ ಎನ್ ಪ್ಲಸ್ ಒನ್" ಅಂದ್ರೆ ಸರಣಿಯ ಮುಂದಿನ ಪದಾನಾ, ಅಥವಾ ಈಗಿನ ಪದಕ್ಕೆ ಒಂದು ಕೂಡಿದ್ದಾ? ಸರಣಿ 10, 20, 30 ಅಂತಿದ್ದು ಎನ್ 1 ಆಗಿದ್ರೆ ಮೊದಲನೇ ಅರ್ಥದಲ್ಲಿ 20, ಎರಡನೇದರಲ್ಲಿ 11. ಅದಕ್ಕೆ ಸಬ್‌ಸ್ಕ್ರಿಪ್ಟ್ ಒಂದೇ ಅಕ್ಷರಕ್ಕಿಂತ ಜಾಸ್ತಿ ಇದ್ರೆ "ಎಂಡ್ ಸಬ್" ಅಥವಾ "ಬೇಸ್‌ಲೈನ್" ಅಂತ ಹೇಳಿ ಮೂಲ ಸಾಲಿಗೆ ವಾಪಸ್ ಬನ್ನಿ. ಘಾತಕ್ಕೂ ಇದೇ ನಿಯಮ.

ಸುಮ್ನೆ ಒಂದು ಕ್ಷಣ ನಿಲ್ಲಿಸಿದ್ರೆ ಗೊತ್ತಾಗಲ್ವಾ ಅಂತ ಕೆಲವರು ಕೇಳ್ತಾರೆ. ಟಿ. ವಿ. ರಾಮನ್ ಅನ್ನೋ ಕಂಪ್ಯೂಟರ್ ವಿಜ್ಞಾನಿ, ಅವರೂ ಅಂಧರೇ, 1994ರಲ್ಲಿ ಕಾರ್ನೆಲ್‌ನಲ್ಲಿ ಪಿಎಚ್‌ಡಿಗೆ ಆಸ್ಟರ್ ಅಂತ ಒಂದು ಸಿಸ್ಟಮ್ ಮಾಡಿದ್ರು, ಲೇಟೆಕ್ ಪೇಪರನ್ನ ಕಂಪ್ಯೂಟರೇ ಓದತ್ತೆ, ಘಾತ ಬಂದಾಗ ದನಿಯ ಪಿಚ್ ಬದಲಾಗತ್ತೆ. ಹಾಗಾಗಿ ದನಿಯಿಂದಲೂ ಆಕಾರ ಹೇಳೋಕೆ ಆಗತ್ತೆ ನಿಜ. ಆದ್ರೆ ಮನುಷ್ಯರ ದನಿ ಪ್ರತಿ ಸಲ ಒಂದೇ ಅಳತೇಲಿ ಏರಿಳಿಯಲ್ಲ, ಮೇಲಾಗಿ ಕೇಳೋರು ಸ್ಪೀಡ್ ಎರಡು ಪಟ್ಟು ಮಾಡಿದ್ರೆ ನಿಮ್ಮ ಅರ್ಧ ಸೆಕೆಂಡಿನ ನಿಲುಗಡೆ ಕಾಲು ಸೆಕೆಂಡ್ ಆಗತ್ತೆ, ಅದು ಕಿವಿಗೆ ಬೀಳೋದೇ ಇಲ್ಲ. ನಿಲ್ಲಿಸಿ, ದನಿ ಏರಿಳಿಸಿ, ಜೊತೆಗೆ ಪದವನ್ನೂ ಹೇಳಿ, ಪದದ ಬದಲಿಗೆ ಬರೀ ನಿಲ್ಲಿಸಬೇಡಿ.

ಮೂರು ಸಾಲಿನ ಸಮೀಕರಣ ಬಂದಾಗ ನಾನು ಮೊದಲು ಅದರ ಮೈಕಟ್ಟು ಹೇಳ್ತೀನಿ: "ಸಮೀಕರಣ 7, ಎಡಗಡೆ ಒಂದು ಪದ, ಬಲಗಡೆ ಮೂರು ಪದಗಳ ಮೊತ್ತ, ಎರಡನೇ ಪದ ಒಂದು ಇಂಟೆಗ್ರಲ್." ಆಮೇಲೆ ಒಂದೊಂದೇ ಪದ. ಕೇಳೋರಿಗೆ ಎಷ್ಟು ದೂರ ಹೋಗ್ಬೇಕು ಅಂತ ಮುಂಚೆನೇ ಗೊತ್ತಿದ್ರೆ ತಲೇಲಿ ಜಾಗ ಮಾಡ್ಕೋತಾರೆ. ಸಮೀಕರಣದ ನಂಬರನ್ನ ಕೊನೇಲಲ್ಲ, ಮೊದಲೇ ಹೇಳಿ.

ಐದನೇದು: ಚಿತ್ರ, ಗ್ರಾಫ್, ಟೇಬಲ್, ಕೋಡ್

ಒಂದು ಪೇಪರಲ್ಲಿ ನಾನು ಗ್ರಾಫ್ ಬಂದಾಗ ಶೀರ್ಷಿಕೆ ಮಾತ್ರ ಓದಿ ಮುಂದೆ ಹೋಗಿದ್ದೆ. ಕೇಳಿದ ವಿದ್ಯಾರ್ಥಿನಿ ವಾಪಸ್ ಬರೆದ್ರು, "ಲೇಖಕರು ಚಿತ್ರ 4ರಿಂದ ಸ್ಪಷ್ಟ ಅಂತಾರೆ, ನನಗೆ ಏನು ಸ್ಪಷ್ಟ ಆಗ್ಬೇಕಿತ್ತು?" ಅಂತ. ಆ ಪ್ರಶ್ನೇನ ಬರೆದಿಟ್ಕೊಂಡಿದ್ದೀನಿ, ಈಗ ಪ್ರತಿ ಚಿತ್ರಕ್ಕೂ ಅದನ್ನೇ ಕೇಳ್ಕೊಂಡು ವಿವರಣೆ ಬರೀತೀನಿ. ಹೌದು, ಬರೆದೇ ಓದ್ಬೇಕು, ಮೈಕ್ ಮುಂದೆ ಯೋಚಿಸ್ತಾ ಹೇಳಿದ್ರೆ ಅರ್ಧ ಬಿಟ್ಟೋಗತ್ತೆ.

ದೊಡ್ಡದರಿಂದ ಸಣ್ಣದಕ್ಕೆ ಬನ್ನಿ. ಚಿತ್ರದ ನಂಬರ್, ಶೀರ್ಷಿಕೆ, ಯಾವ ಥರದ ಗ್ರಾಫು, ಅಡ್ಡ ಅಕ್ಷದಲ್ಲಿ ಏನು, ಎಲ್ಲಿಂದ ಎಲ್ಲಿವರೆಗೆ, ಯೂನಿಟ್ ಏನು, ಉದ್ದ ಅಕ್ಷದ್ದೂ ಹಾಗೇ. ಲಾಗ್ ಸ್ಕೇಲ್ (1, 10, 100 ಅಂತ ಪಟ್ಟು ಪಟ್ಟಾಗಿ ಏರೋ ಅಳತೆ) ಇದ್ರೆ ಅದನ್ನ ಹೇಳೋದು ಮರೀಲೇಬೇಡಿ, ಅದು ತಪ್ಪಿದ್ರೆ ಗೆರೆಯ ಆಕಾರಕ್ಕೆ ಅರ್ಥಾನೇ ಇಲ್ಲ. ಆಮೇಲೆ ಎಷ್ಟು ಗೆರೆ, ಒಂದೊಂದೂ ಎಲ್ಲಿ ಶುರು, ಎಲ್ಲಿ ಏರತ್ತೆ, ಎಲ್ಲಿ ಒಂದನ್ನೊಂದು ದಾಟತ್ತೆ, ಎಲ್ಲಿ ಮುಗಿಯತ್ತೆ. ಕಣ್ಣಳತೇಲಿ ತೆಗೆದ ಅಂಕಿಯನ್ನ "ಅಂದಾಜು" ಅಂತ ಹೇಳಿ ಕೊಡಿ. ಪೇಪರಿನ ಪಠ್ಯದಲ್ಲಿ "ಕೆಂಪು ಗೆರೆ" ಅಂತ ಬಂದಿದ್ರೆ ಬಣ್ಣಾನೂ ಹೇಳಿ, ಇಲ್ಲಾಂದ್ರೆ ಪಠ್ಯ ಮತ್ತು ಚಿತ್ರದ ಕೊಂಡಿ ಕಳಚತ್ತೆ.

ಒಂದು ಗೆರೆ ಎಳ್ಕೊಳ್ಳಿ: ಕಂಡಿದ್ದನ್ನ ಹೇಳಿ, ತೀರ್ಮಾನ ಹೇಳ್ಬೇಡಿ. "ಎರಡನೇ ಗೆರೆ 35ರ ನಂತರ ಕೆಳಗಿದೆ" ಅನ್ನೋದು ನಿಮ್ಮ ಕೆಲಸ, "ಹಾಗಾಗಿ ಎರಡನೇ ವಿಧಾನ ಉತ್ತಮ" ಅನ್ನೋದು ಕೇಳೋರ ಕೆಲಸ. ಅವರು ರಿಸರ್ಚ್ ಮಾಡೋರು, ಲೇಖಕರ ಮಾತನ್ನ ಅನುಮಾನದಿಂದ ನೋಡೋ ಹಕ್ಕು ಅವರಿಗೂ ಇದೆ, ನಮ್ಮ ಅಭಿಪ್ರಾಯ ಮಧ್ಯ ಸೇರಿಸಿ ಅದನ್ನ ಕಿತ್ಕೋಬಾರದು. ನೀವು ಸೇರಿಸಿದ ಎಲ್ಲ ಮಾತಿಗೂ ಶುರುವಲ್ಲಿ "ರೀಡರ್ಸ್ ನೋಟ್", ಮುಗಿದ ಮೇಲೆ "ಎಂಡ್ ನೋಟ್" ಅಂತ ಹೇಳಿ, ಲೇಖಕರ ಮಾತು ಯಾವುದು ನಿಮ್ಮದು ಯಾವುದು ಅಂತ ಬೇರೆ ಆಗ್ಬೇಕು.

ಟೇಬಲ್ ಬಂದ್ರೆ ಎಷ್ಟು ಸಾಲು, ಎಷ್ಟು ಕಾಲಂ, ಹೆಡಿಂಗ್ ಏನೇನು ಅಂತ ಮೊದಲು ಹೇಳಿ, ಆಮೇಲೆ ಅಡ್ಡಸಾಲಿನ ಪ್ರಕಾರ ಓದಿ. ಕಾಲಂ ನಾಲ್ಕಕ್ಕಿಂತ ಜಾಸ್ತಿ ಇದ್ರೆ ಪ್ರತಿ ಅಂಕಿ ಜೊತೆ ಹೆಡಿಂಗೂ ಹೇಳಿ. ಫಿಫ್ಟೀನ್, ಫಿಫ್ಟಿ ಕಿವಿಗೆ ಒಂದೇ ಥರ ಬೀಳತ್ತೆ, ಅದಕ್ಕೆ "ಒನ್ ಫೈವ್", "ಫೈವ್ ಜೀರೋ" ಅಂತ ಬಿಡಿಸಿ. ಇಪ್ಪತ್ತು ಸಾಲಿನ ಟೇಬಲನ್ನ ಆಡಿಯೋದಲ್ಲಿ ಹುಡುಕೋದು ಅಸಾಧ್ಯ, ಅಂಥದ್ದನ್ನ ಸ್ಪ್ರೆಡ್‌ಶೀಟ್ ಫೈಲ್ ಮಾಡಿ ಜೊತೆಗೆ ಕೊಡಿ, ಸ್ಕ್ರೀನ್ ರೀಡರಲ್ಲಿ ಅವರೇ ಬೇಕಾದ ಮನೆಗೆ ಹೋಗಿ ನೋಡ್ಕೋತಾರೆ. ಕೋಡಿಗೂ ಇದೇ ಮಾತು, ಟೆಕ್ಸ್ಟ್ ಫೈಲ್ ಕೊಡಿ, ಆಡಿಯೋದಲ್ಲಿ ಅದು ಏನು ಮಾಡತ್ತೆ ಅಂತ ರೀಡರ್ಸ್ ನೋಟ್ ಹೇಳಿ. ಓದ್ಲೇಬೇಕು ಅಂದ್ರೆ ಸಾಲಿನ ನಂಬರ್, ಎಷ್ಟನೇ ಇಂಡೆಂಟ್, ಅಂಡರ್‌ಸ್ಕೋರ್, ಒಂದು ಈಕ್ವಲ್ಲಾ ಎರಡಾ, ಎಲ್ಲ ಹೇಳ್ಬೇಕು.

ಸೈಟೇಶನ್ ನಂಬರ್‌ಗಳನ್ನ ಪ್ರತಿ ವಾಕ್ಯದ ಮಧ್ಯ ಓದಿದ್ರೆ ವಾಕ್ಯ ತುಂಡಾಗತ್ತೆ. ವಾಕ್ಯ ಮುಗಿದ ಮೇಲೆ "ಸೈಟ್ಸ್ 12, 15" ಅಂತ ಹೇಳೋದು ನನಗೆ ಸರಿ ಅನ್ಸಿದ್ದು, ಕೇಳೋರು ಬೇಡ ಅಂದ್ರೆ ಬಿಡಿ, ಆದ್ರೆ ಬಿಟ್ಟಿದ್ದೀವಿ ಅಂತ ಶುರುವಲ್ಲೇ ಹೇಳಿ. ಅಡಿಟಿಪ್ಪಣಿಗಳಿಗೂ ಅಷ್ಟೇ.

ಆರನೇದು: ರೆಕಾರ್ಡಿಂಗ್

ಇದು ಅಂದುಕೊಂಡಷ್ಟು ಕಷ್ಟ ಅಲ್ಲ. ಬಟ್ಟೆ, ಹಾಸಿಗೆ, ಪರದೆ ಇರೋ ಸಣ್ಣ ರೂಮಲ್ಲಿ ಸದ್ದು ಮಾರ್ದನಿಸಲ್ಲ, ಬರಿಗೋಡೆಯ ಹಾಲ್‌ಗಿಂತ ಅದು ಎಷ್ಟೋ ವಾಸಿ. ಫ್ಯಾನ್ ಆಫ್ ಮಾಡಿ, ಫೋನ್ ಸೈಲೆಂಟಲ್ಲಿಡಿ. ಮೈಕ್ ಬಾಯಿಂದ ಒಂದು ಗೇಣು ದೂರ, ನೇರ ಮುಂದೆ ಬೇಡ, ಸ್ವಲ್ಪ ಪಕ್ಕಕ್ಕಿರ್ಲಿ, "ಪ" "ಬ" ಅಂದಾಗ ಗಾಳಿ ಹೊಡೆಯಲ್ಲ. ಅಡಾಸಿಟಿ ಫ್ರೀ ಸಾಫ್ಟ್‌ವೇರ್, ಅದು ಸಾಕು. ಅದರಲ್ಲಿ ಪಂಚ್ ಆ್ಯಂಡ್ ರೋಲ್ ಅಂತ ಒಂದು ಸೌಕರ್ಯ ಇದೆ, ತಪ್ಪಿದ್ರೆ ತಪ್ಪಿನ ಮುಂಚಿನ ಜಾಗಕ್ಕೆ ಕರ್ಸರ್ ಇಟ್ಟು ಶಿಫ್ಟ್ ಡಿ ಒತ್ತಿ, ಹಿಂದಿನ ಕೆಲವು ಸೆಕೆಂಡ್ ಕೇಳಿಸಿ ಅಲ್ಲಿಂದಲೇ ಮತ್ತೆ ರೆಕಾರ್ಡ್ ಶುರುವಾಗತ್ತೆ. ಅದು ಒಗ್ಗದಿದ್ರೆ ತಪ್ಪಿದಾಗ ಒಂದು ಚಪ್ಪಾಳೆ ಹೊಡೆದು ವಾಕ್ಯ ಮತ್ತೆ ಓದಿ, ಎಡಿಟ್ ಮಾಡುವಾಗ ಆ ಚಪ್ಪಾಳೆ ಚೂಪಾದ ಗೆರೆಯಾಗಿ ಎದ್ದು ಕಾಣತ್ತೆ. ವಾಕ್ಯದ ಮಧ್ಯದಿಂದ ಅಲ್ಲ, ಮೊದಲಿಂದಾನೇ ಓದಿ.

ನಲವತ್ತು ನಿಮಿಷಕ್ಕಿಂತ ಜಾಸ್ತಿ ಒಂದೇ ಸಲ ಓದ್ಬೇಡಿ, ದನಿ ಬದಲಾಗತ್ತೆ, ಗಮನ ತಪ್ಪತ್ತೆ. ಶುರುವಲ್ಲಿ ಐದು ಸೆಕೆಂಡ್ ಸುಮ್ನೆ ಕೂತು ರೂಮಿನ ಸದ್ದು ರೆಕಾರ್ಡ್ ಮಾಡಿ, ಹಿನ್ನೆಲೆ ಸದ್ದು ಕಮ್ಮಿ ಮಾಡೋ ನಾಯ್ಸ್ ರಿಡಕ್ಷನ್ ಎಫೆಕ್ಟಿಗೆ ಅದೇ ಮಾದರಿ. ಆ ಎಫೆಕ್ಟನ್ನ ಜಾಸ್ತಿ ಮಾತ್ರ ಹಾಕ್ಬೇಡಿ, ದನಿ ನೀರೊಳಗಿಂದ ಬಂದ ಹಾಗಾಗತ್ತೆ, ಸ್ಪೀಡ್ ಮಾಡಿ ಕೇಳೋರಿಗೆ ಸ್ವಲ್ಪ ಫ್ಯಾನ್ ಸದ್ದಿಗಿಂತ ಅದು ಹೆಚ್ಚು ತೊಂದರೆ.

ಏಳನೇದು: ಫೈಲ್ ಕತ್ತರಿಸೋದು, ಕೊಡೋದು

ಎರಡು ಗಂಟೆಯ ಒಂದೇ ಫೈಲ್ ಕೊಟ್ರೆ ಅದು ಪುಟದ ನಂಬರ್ ಇಲ್ಲದ ಪುಸ್ತಕ ಕೊಟ್ಟ ಹಾಗೆ. ಸೆಕ್ಷನ್‌ಗೊಂದು ಫೈಲ್ ಮಾಡಿ, ಹೆಸರಿನ ಶುರುವಲ್ಲೇ 01, 02 ಅಂತ ಎರಡಂಕಿ ಹಾಕಿ, ಇಲ್ಲಾಂದ್ರೆ ಕೆಲವು ಪ್ಲೇಯರಲ್ಲಿ 1 ಆದ ಮೇಲೆ 10 ಬರತ್ತೆ. ದೊಡ್ಡ ಚಿತ್ರಗಳ ವಿವರಣೆಗೂ ಬೇರೆ ಫೈಲ್ ಮಾಡಿದ್ರೆ ಅವರು ಬೇಕಾದಾಗ ಮತ್ತೆ ಕೇಳಬಹುದು. ಮಾತಿಗೆ ಮೋನೋ, 64 ಕೆಬಿಪಿಎಸ್ ಎಂಪಿ3 ಸಾಕು, ಗಂಟೆಗೆ ಸುಮಾರು 29 ಎಂಬಿ ಆಗತ್ತೆ.

ಇನ್ನೂ ಅಚ್ಚುಕಟ್ಟು ಬೇಕಾದ್ರೆ ಡೈಸಿ ಫಾರ್ಮ್ಯಾಟ್ ಇದೆ, 1996ರಲ್ಲಿ ಹಲವು ದೇಶಗಳ ಟಾಕಿಂಗ್ ಬುಕ್ ಲೈಬ್ರರಿಗಳು ಸೇರಿ ಮಾಡ್ಕೊಂಡ ಒಕ್ಕೂಟದಿಂದ ಬಂದಿದ್ದು, ಅದರಲ್ಲಿ ಹೆಡಿಂಗಿಂದ ಹೆಡಿಂಗಿಗೆ, ಪುಟದಿಂದ ಪುಟಕ್ಕೆ ನೆಗೆಯೋಕಾಗತ್ತೆ. ಕೇಳೋರ ಹತ್ರ ಡೈಸಿ ಪ್ಲೇಯರ್ ಇದ್ಯಾ ಅಂತ ಮೊದಲ ಹೆಜ್ಜೇಲೇ ಕೇಳಿರಿ.

ಮೊದಲ ಫೈಲಲ್ಲಿ ಇಷ್ಟು ಇರ್ಲಿ: ಪೇಪರಿನ ಹೆಸರು, ಲೇಖಕರು, ಪ್ರಕಟವಾದ ವರ್ಷ, ಯಾವ ವರ್ಶನ್, ಲೈಸೆನ್ಸ್ ಅಥವಾ ಅನುಮತಿ, ಏನನ್ನ ಬಿಟ್ಟಿದ್ದೀವಿ, ಫೈಲ್‌ಗಳ ಪಟ್ಟಿ. ವರ್ಶನ್ ಯಾಕೆ ಅಂದ್ರೆ ಪ್ರಿಪ್ರಿಂಟ್‌ಗಳು ತಿದ್ದುಪಡಿ ಆಗ್ತಾ ಇರತ್ತೆ, ನೀವು ಓದಿದ್ದು ಎರಡನೇ ವರ್ಶನ್, ಕ್ಲಾಸಲ್ಲಿ ಚರ್ಚೆ ಮಾಡ್ತಿರೋದು ಮೂರನೇದು ಆದ್ರೆ ಸಮೀಕರಣದ ನಂಬರೇ ಹೊಂದಲ್ಲ.

ಕೊನೇದು: ಇನ್ನೊಬ್ರು ಕೇಳ್ಬೇಕು

ನೀವು ಓದಿದ್ದನ್ನ ನೀವೇ ಚೆಕ್ ಮಾಡಿದ್ರೆ ತಪ್ಪು ಸಿಗಲ್ಲ, ಕಣ್ಣು ಏನನ್ನ ನೋಡಿದೆಯೋ ಕಿವಿ ಅದನ್ನೇ ಕೇಳಿಬಿಡತ್ತೆ. ಇನ್ನೊಬ್ಬ ವಾಲಂಟಿಯರ್ ಪೇಪರ್ ಮುಂದಿಟ್ಕೊಂಡು ಪೂರ್ತಿ ಕೇಳ್ಲಿ, ತಪ್ಪು ಸಿಕ್ಕಿದಾಗ ಫೈಲ್ ನಂಬರ್, ನಿಮಿಷ, ಸೆಕೆಂಡ್, ಏನಾಗ್ಬೇಕಿತ್ತು ಅಂತ ಬರೀಲಿ. ಸಮೀಕರಣಗಳನ್ನ ಮಾತ್ರ ಪೇಪರ್ ನೋಡದೇ ಕೇಳಿ ಬರೀಬೇಕು, ಆಮೇಲೆ ಹೋಲಿಸ್ಬೇಕು. ಸಮಯ ಇಲ್ಲ ಅಂದ್ರೆ ಪ್ಯಾರಾಗಳನ್ನ ಬಿಡಿ, ಸಮೀಕರಣ ಮತ್ತು ಟೇಬಲನ್ನ ಬಿಡಬೇಡಿ.

ಕಳಿಸಿ ಒಂದು ವಾರ ಆದ ಮೇಲೆ ಕೇಳಿದೋರಿಗೆ ಒಂದು ಮೆಸೇಜ್ ಹಾಕಿ. "ಚೆನ್ನಾಗಿತ್ತಾ?" ಅಂತ ಕೇಳ್ಬೇಡಿ, ಪುಕ್ಕಟೆ ಮಾಡಿಕೊಟ್ಟಿದ್ದಾರೆ ಅನ್ನೋ ಸಂಕೋಚಕ್ಕೆ ಯಾರಾದ್ರೂ ಚೆನ್ನಾಗಿತ್ತು ಅಂತಾನೇ ಹೇಳ್ತಾರೆ. "ಎಲ್ಲೆಲ್ಲಿ ಹಿಂದಕ್ಕೆ ಹೋಗಿ ಮತ್ತೆ ಕೇಳ್ಬೇಕಾಯ್ತು?" ಅಂತ ಕೇಳಿ. ಅವರು ಹೇಳಿದ ಜಾಗಗಳನ್ನ ಮಾತ್ರ ಮತ್ತೆ ಓದಿ, ಅದೇ ಫೈಲ್ ಹೆಸರಲ್ಲಿ ಬದಲಾಯಿಸಿ ಕಳಿಸಿ, ಆ ಜಾಗಗಳ ಪಟ್ಟೀನ ಮುಂದಿನ ಪೇಪರ್ ಶುರು ಮಾಡುವಾಗ ಪಕ್ಕದಲ್ಲಿಟ್ಕೊಳ್ಳಿ.